ಕಾಲರಾ: ಹೆಸರೊಳಗೆ ಅಡಗಿದ ತಪ್ಪು

ವಾಂತಿಭೇದಿ ಎಂದೊಡನೆ ರೋಗಿಯ ಸ್ಥಿತಿಯು ನಮ್ಮ ಕಣ್ಣಿಗೆ ಕಟ್ಟುತ್ತದೆ. ಆ ಹೆಸರು ಕಂಡುದನ್ನಷ್ಟೇ ಹೇಳುತ್ತದೆ. ಅದರ ಅತಿ ಘೋರವಾದ ರೂಪವೊಂದನ್ನು ನಾವು ಕಾಲರಾ ಎನ್ನುತ್ತೇವೆ. ಈ ಶಬ್ದದ ಅರ್ಥವೇನು?

ಇದು ಮೂಲತಃ ಗ್ರೀಕರ ಮಾತು. ಅವರ ಭಾಷೆಯಲ್ಲಿ ‘ಖೊಲೆ’ ಎಂದರೆ ಪಿತ್ತ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಹದವೇ ಆರೋಗ್ಯವೆಂದು ಗ್ರೀಕ್ ವೈದ್ಯರು ನಂಬಿದ್ದರು. ಪಿತ್ತವು ಕೆರಳಿ ವಾಂತಿಯಾಗಿಯೂ ಭೇದಿಯಾಗಿಯೂ ಹೊರಬೀಳುವ ಬೇನೆಯನ್ನು ‘ಖೊಲೆರಾ’ ಎಂದರು. 1817ರಲ್ಲಿ ಬಂಗಾಳದಲ್ಲಿ ಎದ್ದ ಮಹಾಮಾರಿಗೂ ಐರೋಪ್ಯರಿಂದ ಇದೇ ಹಳೆಯ ಹೆಸರು ಸಂದಿತು.

ಆದರೆ ಈ ರೋಗದಲ್ಲಿ ಹೊರಬೀಳುವುದು ಪಿತ್ತವೆ? ಅಲ್ಲ. ರೋಗಿಯ ಭೇದಿಯು ಅಕ್ಕಚ್ಚಿನಂತೆ ಬಿಳಿದಾಗಿರುತ್ತದೆ. ದೇಹವು ಕಳೆದುಕೊಳ್ಳುವುದು ನೀರು ಮತ್ತು ಲವಣಗಳನ್ನು. ಇದನ್ನರಿಯದೆ, ಕೆಟ್ಟ ರಸವನ್ನು ಹೊರಹಾಕಬೇಕೆಂಬ ಹಳೆಯ ನಂಬಿಕೆಯಿಂದ, ಹತ್ತೊಂಬತ್ತನೆಯ ಶತಮಾನದ ಅನೇಕ ವೈದ್ಯರು ರೋಗಿಯ ರಕ್ತವನ್ನು ತೆಗೆದರು. ಭೇದಿಯ ಔಷಧವನ್ನೇ ಕೊಟ್ಟರು. ಬತ್ತುತ್ತಿದ್ದ ದೇಹವು ಇನ್ನಷ್ಟು ಬತ್ತಿತು. 1832ರಲ್ಲಿ ಸ್ಕಾಟ್ಲೆಂಡಿನ ತಾಮಸ್ ಲಾಟ್ಟಾ ಎಂಬ ವೈದ್ಯನು ಉಪ್ಪುನೀರನ್ನು ರಕ್ತನಾಳಕ್ಕೆ ಹಾಯಿಸಿ ಕೆಲವರನ್ನು ಉಳಿಸಿದನು. ಆದರೆ ಆ ಮಾರ್ಗವು ಬಹುಕಾಲ ಮೂಲೆಗೆ ಬಿದ್ದಿತು.

1884ರಲ್ಲಿ ರಾಬರ್ಟ್ ಕಾಖ್ ಈ ರೋಗಕ್ಕೆ ಅಲ್ಪವಿರಾಮದ ಆಕಾರದ ರೋಗಾಣುವೇ ಕಾರಣವೆಂದು ಸಾರಿದನು. ಮಲಿನವಾದ ನೀರು, ಆಹಾರಗಳ ಮೂಲಕ ಅದು ನಮ್ಮ ಕರುಳನ್ನು ಸೇರುತ್ತದೆ. 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರು, ರೋಗಾಣು ಸ್ರವಿಸುವ ವಿಷವೇ ಕರುಳಿನೊಳಕ್ಕೆ ನೀರನ್ನು ಸುರಿಸುತ್ತದೆಂದು ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿದರು.

ಹೀಗಿರುವಾಗ ಕಳೆದ ನೀರನ್ನು ಮರಳಿ ಕೊಡುವುದೇ ಮುಖ್ಯ ಚಿಕಿತ್ಸೆಯಷ್ಟೆ? ಬರಿಯ ನೀರು ಸಾಲದು. ಸಕ್ಕರೆಯ ಅಂಶವು ಜೊತೆಗಿದ್ದರೆ ಕರುಳು ಉಪ್ಪನ್ನು ಹೀರುತ್ತದೆ. ಉಪ್ಪಿನ ಹಿಂದೆಯೇ ನೀರೂ ಹೋಗುತ್ತದೆ. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ನಡುವೆ ದಿಲೀಪ್ ಮಹಲನಬೀಸ್ ಅವರು ಇಂತಹ ದ್ರಾವಣವನ್ನು ಕುಡಿಸಿದರು. ಅಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತಲೂ ಕೆಳಗಿಳಿಯಿತು.

ಇಂದಿಗೂ ನಾವು ಕಾಲರಾ ಎಂದೇ ಕರೆಯುತ್ತೇವೆ. ಪಿತ್ತದ ಮಾತನ್ನು ಮಾತ್ರ ನಂಬುವುದಿಲ್ಲ. ಹೆಸರನ್ನು ಬದಲಿಸದೆಯೂ ವಿಜ್ಞಾನವು ತನ್ನ ತಪ್ಪನ್ನು ತಿದ್ದಿಕೊಂಡಿತು. ರೋಗದ ಹೆಸರು ತಿಳಿದ ಮಾತ್ರಕ್ಕೆ ರೋಗವೇ ತಿಳಿದಂತಾಗದು ಎಂಬುದನ್ನು ನಾವು ಮರೆಯಬಾರದು.