ಕ್ರಿಸ್ಮಸ್ ಹಬ್ಬಕ್ಕೆ ಸಂಬಾರದ ಬಿಸ್ಕತ್ತುಗಳನ್ನು ಆರಿಸುವ ಬಗೆ

ಕ್ರಿಸ್ಮಸ್ ಹಬ್ಬವು ಸಮೀಪಿಸುತ್ತಲೇ ಮನೆಮನೆಗಳಲ್ಲಿಯೂ ತಿಂಡಿತಿನಿಸುಗಳ ಯೋಚನೆಯು ತಲೆದೋರುವುದು. ಕಲಕಲ ಮಾಡಬೇಕೆ, ಗುಲಾಬಿ ಅಚ್ಚಿನ ಬಿಸ್ಕತ್ತನ್ನು ಕರಿಯಬೇಕೆ, ಶುಂಠಿಯ ಬಿಸ್ಕತ್ತನ್ನು ಬೇಯಿಸಬೇಕೆ ಎಂದು ತಾಯಿಯರೂ ಹೆಣ್ಣುಮಕ್ಕಳೂ ಕೂಡಿ ಆಲೋಚಿಸುವ ಸಂಜೆಗಳು ಹಬ್ಬದಷ್ಟೇ ಸವಿಯಾದವು. ಈ ಆಲೋಚನೆಯಲ್ಲಿ ಎಲ್ಲಕ್ಕೂ ಮೊದಲು ಏಳುವ ಪ್ರಶ್ನೆಯು ಸಾಮಾನ್ಯವಾಗಿ “ಯಾವುದು ರುಚಿ?” ಎಂಬುದು. ಆದರೆ ಅದಕ್ಕಿಂತಲೂ ಮೊದಲು ಕೇಳತಕ್ಕ ಪ್ರಶ್ನೆಯೊಂದಿದೆ ಎಂದು ನಾವು ಭಾವಿಸುತ್ತೇವೆ. ಅದು “ಯಾರು ತಿನ್ನುವರು?” ಎಂಬುದು.

ಸಾರಕ್ಕಿಯು ಒಂದು ಕಾಲಕ್ಕೆ ಕೆರೆಯ ಬದಿಯ ಹಳ್ಳಿಯಾಗಿದ್ದು, ಈಗ ಜಯಪ್ರಕಾಶನಗರದ ಬಡಾವಣೆಗಳ ನಡುವೆ ಬೆರೆತುಹೋಗಿದೆ. ಇಲ್ಲಿ ಒಂದೇ ಮೆಟ್ಟಿಲಸಾಲನ್ನು ಹತ್ತಿಳಿಯುವ ನಾಲ್ಕು ಮನೆಯವರು ನಾಲ್ಕು ಬಗೆಯ ಆಚಾರದವರಾಗಿರುವುದು ಅಪೂರ್ವವೇನಲ್ಲ. ಸಂಕ್ರಾಂತಿಯ ದಿನ ಎದುರುಮನೆಯ ಮಗುವು ಎಳ್ಳು ಬೆಲ್ಲ ಕಬ್ಬುಗಳನ್ನು ತಂದು ಬೀರುವುದು. ಗೌರಿ ಗಣೇಶರ ಹಬ್ಬಕ್ಕೆ ಕಡುಬು ಬರುವುದು. ರಂಜಾನಿನಲ್ಲಿ ಮೇಲ್ಮಹಡಿಯವರು ಶೀರ್ ಖುರ್ಮಾ ಕಳುಹಿಸುವರು. ಇವಕ್ಕೆಲ್ಲ ನಾವು ಮರಳಿ ಒಪ್ಪಿಸುವ ತಟ್ಟೆಯು ಕ್ರಿಸ್ಮಸ್ಸಿನ ತಟ್ಟೆ. ಅದರಲ್ಲಿರುವ ಬಿಸ್ಕತ್ತಿಗೆ ಮೊಟ್ಟೆಯು ಬಿದ್ದಿದ್ದರೆ ಮೊಟ್ಟೆಯನ್ನು ಮುಟ್ಟದ ನೆರೆಯವರು ಏನು ಮಾಡಬೇಕು? ಅವರು ನಗುಮುಖದಿಂದ ತಟ್ಟೆಯನ್ನು ತೆಗೆದುಕೊಂಡು ಉಪಚಾರದ ಮಾತನ್ನಾಡುವರು. ಬಾಗಿಲು ಮುಚ್ಚಿದ ಮೇಲೆ ತಿಂಡಿಯು ಮತ್ತೊಬ್ಬರ ಪಾಲಾಗುವುದು. ಇದರಲ್ಲಿ ಅವರ ತಪ್ಪೇನೂ ಇಲ್ಲ. ತಿಳಿಯದೆ ತಿಂದು, ಆಮೇಲೆ ಸಂಗತಿ ತಿಳಿದರೆ ಆಗುವ ನೋವಂತೂ ಇನ್ನೂ ದೊಡ್ಡದು; ಹಲವು ವರ್ಷಗಳ ನೆರೆಹೊರೆಯ ವಿಶ್ವಾಸಕ್ಕೆ ಅದರಿಂದ ಕುಂದು ಬರಬಹುದು. ಆದುದರಿಂದ ಬಿಸ್ಕತ್ತುಗಳನ್ನು ಆರಿಸುವುದು ನಾಲಿಗೆಯ ವಿಷಯವಾಗಿರುವಂತೆಯೇ ನೆಂಟತನದ ವಿಷಯವೂ ಆಗಿದೆ.

ಮೊಟ್ಟೆಯಿಲ್ಲದೆ ಬಿಸ್ಕತ್ತು ಚೆನ್ನಾಗಿ ಬಾರದೆಂಬ ಶಂಕೆಯು ಕೆಲವರಿಗುಂಟು. ಕೇಕಿನ ವಿಷಯದಲ್ಲಿ ಈ ಮಾತಿಗೆ ಸ್ವಲ್ಪ ಆಧಾರವುಂಟು. ಯಾಕೆಂದರೆ ಕೇಕು ಉಬ್ಬಿ ನಿಲ್ಲುವುದಕ್ಕೆ ಮೊಟ್ಟೆಯು ಬಹಳ ಸಹಾಯ ಮಾಡುವುದು. ಬಿಸ್ಕತ್ತಾದರೋ ಚಪ್ಪಟೆಯಾದ ಪದಾರ್ಥ. ಅದಕ್ಕೆ ಗರಿಗರಿತನವನ್ನು ಕೊಡುವವು ಬೆಣ್ಣೆ ಅಥವಾ ತುಪ್ಪ ಮತ್ತು ಸಕ್ಕರೆ. ಹಿಟ್ಟನ್ನು ಕೂಡಿಸುವುದಕ್ಕೆ ಎರಡು ಚಮಚ ಮೊಸರಾದರೂ ಸಾಕು. ಈ ಮಾತಿಗೆ ಬೆಂಗಳೂರೇ ಸಾಕ್ಷಿ. 1898ರಲ್ಲಿ ಹೆಚ್. ಎಸ್. ತಿರುಮಲಾಚಾರ್ ಎಂಬವರು ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ತೆರೆದರು. ಅವರ ತರುವಾಯ ಹಾಸನದ ಸೀಮೆಯಿಂದ ಬಂದ ಅಯ್ಯಂಗಾರ್ ಮನೆತನದವರು ಬೀದಿಬೀದಿಗಳಲ್ಲಿ ಮೊಟ್ಟೆಯಿಲ್ಲದ ಬೇಕರಿಗಳನ್ನು ನಡೆಸಿ, ಅದುವರೆಗೆ ಬ್ರೆಡ್ಡು ಬಿಸ್ಕತ್ತುಗಳನ್ನು ದೂರವಿರಿಸಿದ್ದ ಮನೆಗಳಿಗೂ ಅವುಗಳನ್ನು ಮುಟ್ಟಿಸಿದರು. ಅವರ ಖಾರದ ಬಿಸ್ಕತ್ತನ್ನು ತಿನ್ನದೆ ಬೆಳೆದ ಮಗು ಈ ಊರಿನಲ್ಲಿ ವಿರಳ. ಸಂಬಾರದ ಬಿಸ್ಕತ್ತನ್ನು ಎಲ್ಲರೂ ತಿನ್ನುವಂತೆ ಮಾಡುವ ವಿದ್ಯೆಯು ಹೀಗೆ ನಮ್ಮ ನಗರದಲ್ಲಿ ಒಂದು ಶತಮಾನಕ್ಕೂ ಹಿಂದಿನಿಂದಲೇ ಇದೆ.

ಸಂಬಾರದ ಬಿಸ್ಕತ್ತು ಪರದೇಶದ ತಿಂಡಿಯೆಂಬ ಭಾವನೆಯೂ ಪೂರ್ಣವಾಗಿ ಸರಿಯಲ್ಲ. ಜರ್ಮನಿಯ ಕ್ರಿಸ್ಮಸ್ಸಿನ ತಿಂಡಿಗಳಿಗೆ ಅಲ್ಲಿಯ ಭಾಷೆಯಲ್ಲಿ ‘ಮೆಣಸಿನ ಕೇಕು’, ‘ಮೆಣಸಿನ ಕಾಯಿಬೀಜ’ ಎಂಬರ್ಥದ ಹೆಸರುಗಳುಂಟು. ನ್ಯೂರೆಂಬರ್ಗ್ ಪಟ್ಟಣವು ಇಂತಹ ತಿಂಡಿಗಳಿಗೆ ಪ್ರಸಿದ್ಧವಾದುದು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಜೇನು, ಬಾದಾಮಿ, ಸಕ್ಕರೆಪಾಕದಲ್ಲಿ ನೆನೆಸಿದ ಕಿತ್ತಳೆ ಸಿಪ್ಪೆ ಮತ್ತು ಸಂಬಾರಗಳಿಂದ ‘ಲೆಕರ್ಲಿ’ ಎಂಬ ಬಿಸ್ಕತ್ತನ್ನು ಮಾಡುವರು; 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಶನರಿಗಳು ಆ ಪಟ್ಟಣದ ಮಿಶನ್ನಿನವರೇ. ಈ ತಿಂಡಿಗಳಿಗೆ ಬೇಕಾದ ಮೆಣಸು, ಏಲಕ್ಕಿ, ಶುಂಠಿಗಳು ಯೂರೋಪಿನ ನೆಲದಲ್ಲಿ ಬೆಳೆಯುವವಲ್ಲ; ಪಶ್ಚಿಮ ಘಟ್ಟಗಳ ತೋಟಗಳಿಂದ ನಮ್ಮ ಕರಾವಳಿಯ ಬಂದರುಗಳಿಗೆ ಇಳಿದು ಹಡಗು ಹತ್ತಿದವು. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಹೀಗಿರುವಲ್ಲಿ, ಈ ಬಿಸ್ಕತ್ತುಗಳು ತೌರಿನಿಂದ ದೂರ ಹೋಗಿ ಹಬ್ಬಕ್ಕೆ ಮರಳಿ ಬಂದ ಹೆಣ್ಣುಮಕ್ಕಳಂತೆ ನಮಗೆ ತೋರುತ್ತವೆ.

ಇನ್ನು ಸಂಬಾರ ಪದಾರ್ಥಗಳ ಆಯ್ಕೆಯನ್ನು ಕುರಿತು ಹೇಳುವೆವು. ಇವುಗಳ ಪರಿಮಳವು ಬೇಗನೆ ಹಾರಿಹೋಗುವ ಎಣ್ಣೆಗಳಲ್ಲಿ ಅಡಗಿದೆ. ಆದಕಾರಣ ಇಡಿಯಾಗಿ ಕೊಂಡು, ಬೇಕಾದ ದಿನವೇ ಪುಡಿಮಾಡುವುದು ಉತ್ತಮ. ಏಲಕ್ಕಿಯು ಹಸುರಾಗಿ ತುಂಬಿದ್ದು, ಬಿಡಿಸಿದರೆ ಬೀಜವು ಕಪ್ಪಾಗಿ ಅಂಟಂಟಾಗಿರಬೇಕು. ಶುಂಠಿಯನ್ನು ಒಣಗಿದುದನ್ನೇ ಆರಿಸತಕ್ಕದ್ದು. ಒಣಗಿದಾಗ ಅದರ ಖಾರವು ಹೆಚ್ಚುವುದಲ್ಲದೆ, ಹಸಿ ಶುಂಠಿಯ ನೀರು ಬಿಸ್ಕತ್ತನ್ನು ಮೆತ್ತಗೆ ಮಾಡುವುದೂ ತಪ್ಪುವುದು. ಲವಂಗವು ಎರಡು ಮೂರಕ್ಕೆ ಮೀರಿದರೆ ನಾಲಿಗೆಯನ್ನು ಮರಗಟ್ಟಿಸಿ ಬೇರೆಲ್ಲ ರುಚಿಯನ್ನು ಮುಚ್ಚುವುದು. ಜಾಜಿಕಾಯಿಯನ್ನು ಒಂದು ಚಿಟಿಕೆಯಷ್ಟು ಮಾತ್ರ ತೇಯ್ದು ಹಾಕಬೇಕು. ಅದು ಮಿತಿ ಮೀರಿದರೆ ವಿಷವಾಗುವುದರಿಂದ ಮಕ್ಕಳ ಕೈಗೆ ಸಿಕ್ಕದಂತೆ ಇಡತಕ್ಕದ್ದು.

ದಾಲ್ಚಿನ್ನಿಯಲ್ಲಿ ಎರಡು ಜಾತಿಗಳಿರುವುದನ್ನು ಗೃಹಿಣಿಯರು ಗಮನಿಸಬೇಕು. ಅಂಗಡಿಗಳಲ್ಲಿ ಚಕ್ಕೆಯೆಂದು ಸಾಮಾನ್ಯವಾಗಿ ದೊರೆಯುವುದು ಕ್ಯಾಸಿಯ. ಅದು ದಪ್ಪ, ಗಟ್ಟಿ, ಖಾರ. ಸಿಂಹಳದ ದಾಲ್ಚಿನ್ನಿಯು ತೆಳುವಾದ ಹಲವು ಪದರಗಳ ಸುರುಳಿಯಾಗಿದ್ದು ಬೆರಳಿನಿಂದಲೇ ಪುಡಿಯಾಗುವುದು. ಅದರ ರುಚಿಯೂ ಮೃದು. ಕ್ಯಾಸಿಯದಲ್ಲಿ ಕೂಮರಿನ್ ಎಂಬ ದ್ರವ್ಯವು ಹೆಚ್ಚಾಗಿದ್ದು, ಬಹಳ ದಿನ ಹೆಚ್ಚಾಗಿ ತಿಂದರೆ ಕೆಲವರ ಯಕೃತ್ತಿಗೆ ತೊಂದರೆಯಾಗಬಹುದು. ಸಾರಿಗೆ ಹಾಕುವ ಒಂದು ಚೂರಿನಿಂದ ಭಯವಿಲ್ಲ. ಆದರೆ ಮಕ್ಕಳು ದಿನವೂ ತಿನ್ನುವ ಬಿಸ್ಕತ್ತಿಗೆ ಚಮಚದ ಲೆಕ್ಕದಲ್ಲಿ ಪುಡಿ ಬೀಳುವುದರಿಂದ, ಸ್ವಲ್ಪ ಬೆಲೆಯಾದರೂ ಸಿಂಹಳದ್ದನ್ನು ಆರಿಸುವುದು ಲೇಸು.

ಇಷ್ಟನ್ನು ತಿಳಿದ ಮೇಲೆ ಯಾವ ಬಿಸ್ಕತ್ತುಗಳನ್ನು ಮಾಡೋಣ? ಏಳೆಂಟು ಬಗೆಗಳನ್ನು ಹಿಡಿದು ದಣಿಯುವುದಕ್ಕಿಂತ ಮೂರನ್ನು ಸರಿಯಾಗಿ ಮಾಡುವುದು ಸಾಕೆಂದು ನಮ್ಮ ಸಲಹೆ. ಮೂರೂ ಮೊಟ್ಟೆಯಿಲ್ಲದವು; ಒಂದು ಬೆಲ್ಲದ್ದು, ಒಂದು ತುಪ್ಪದ್ದು, ಒಂದು ಖಾರದ್ದು.

ಮೊದಲನೆಯದು ಶುಂಠಿ ಬೆಲ್ಲದ ಬಿಸ್ಕತ್ತು. ಮೈದಾ ಹಿಟ್ಟು 250 ಗ್ರಾಂ, ಬೆಣ್ಣೆ 100 ಗ್ರಾಂ, ಜರಡಿ ಹಿಡಿದ ಬೆಲ್ಲದ ಪುಡಿ 125 ಗ್ರಾಂ, ಒಣ ಶುಂಠಿಯ ಪುಡಿ 2 ಚಹಾ ಚಮಚ, ದಾಲ್ಚಿನ್ನಿ ಪುಡಿ 1 ಚಹಾ ಚಮಚ, ಪುಡಿಮಾಡಿದ ಲವಂಗ 2, ಅಡಿಗೆ ಸೋಡ ಅರ್ಧ ಚಹಾ ಚಮಚ, ಚಿಟಿಕೆ ಉಪ್ಪು, ಮೊಸರು 2 ದೊಡ್ಡ ಚಮಚ. ಮೊಸರಿನ ಹುಳಿಯು ಸೋಡವನ್ನು ಕೆಲಸಕ್ಕೆ ಹಚ್ಚುವುದು. ಹಿಟ್ಟನ್ನು ಕಲಸಿ, ಮುಚ್ಚಿ, ಒಂದು ರಾತ್ರಿ ತಣ್ಣಗಿರಿಸಿದರೆ ಸಂಬಾರವು ಬೆಣ್ಣೆಯಲ್ಲಿ ಚೆನ್ನಾಗಿ ಬೆರೆಯುವುದು. ಮರುದಿನ ಅರ್ಧ ಸೆಂಟಿಮೀಟರಿಗಿಂತ ತುಸು ತೆಳ್ಳಗೆ ಲಟ್ಟಿಸಿ, ಕತ್ತರಿಸಿ, 170 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಮಾರು 12 ನಿಮಿಷ ಬೇಯಿಸಬೇಕು. ಬೆಲ್ಲವು ಬೇಗ ಕರಿಯಾಗುವುದರಿಂದ ಕಣ್ಣು ಅತ್ತಲೇ ಇರಲಿ. ಹೊರಗೆ ತೆಗೆದಾಗ ಮೆತ್ತಗಿದ್ದರೂ ಆರಿದಂತೆ ಗರಿಯಾಗುವುದು.

ಎರಡನೆಯದು ಏಲಕ್ಕಿಯ ನಾನ್‌ಖಟಾಯಿ. ಮೈದಾ 150 ಗ್ರಾಂ, ಕಡಲೆ ಹಿಟ್ಟು 50 ಗ್ರಾಂ, ಪುಡಿಸಕ್ಕರೆ 100 ಗ್ರಾಂ, ಹೆಪ್ಪುಗಟ್ಟಿದ ತುಪ್ಪ 120 ಗ್ರಾಂ, 8 ಏಲಕ್ಕಿಯ ಬೀಜದ ಪುಡಿ, ಒಂದೊಂದು ಚಿಟಿಕೆ ಜಾಜಿಕಾಯಿ ಮತ್ತು ಸೋಡ. ತುಪ್ಪ ಸಕ್ಕರೆಗಳನ್ನು ಬೆಳ್ಳಗಾಗುವವರೆಗೆ ನಾದಿ, ಉಳಿದುವನ್ನು ಸೇರಿಸಿ, ಉಂಡೆಗಟ್ಟಿ, ತುಸು ಒತ್ತಿ, 160 ಡಿಗ್ರಿಯಲ್ಲಿ 18ರಿಂದ 20 ನಿಮಿಷ ಬೇಯಿಸಬೇಕು. ಇದಕ್ಕೆ ನೀರಿನ ಹನಿಯೂ ಬೇಡ. ಆದುದರಿಂದಲೇ ಇದು ಕೆಡದೆ ನಿಲ್ಲುವುದು. ಹಲ್ಲಿಲ್ಲದ ಅಜ್ಜಿಯರಿಗೂ ಬಾಯಲ್ಲಿ ಕರಗುವ ತಿಂಡಿಯಿದು.

ಮೂರನೆಯದು ಮೆಣಸಿನ ಖಾರದ ಬಿಸ್ಕತ್ತು. ಮೈದಾ 200 ಗ್ರಾಂ, ಬೆಣ್ಣೆ 80 ಗ್ರಾಂ, ಸಕ್ಕರೆ 1 ದೊಡ್ಡ ಚಮಚ, ಉಪ್ಪು ಮುಕ್ಕಾಲು ಚಹಾ ಚಮಚ, ಜಜ್ಜಿದ ಕಾಳುಮೆಣಸು ಮತ್ತು ಜೀರಿಗೆ ಒಂದೊಂದು ಚಹಾ ಚಮಚ, ಬೇಕಿಂಗ್ ಪೌಡರ್ ಅರ್ಧ ಚಹಾ ಚಮಚ, ಮೊಸರು 3 ದೊಡ್ಡ ಚಮಚ, ಬಾಣಲೆಯಲ್ಲಿ ಒಣಗಿಸಿ ಮುರಿದ ಕರಿಬೇವು. ಬೇಕರಿಯವರು ಹಸಿಮೆಣಸಿನಕಾಯಿ ಕೊತ್ತಂಬರಿಗಳನ್ನು ಹಾಕುವರು. ಅವು ಆ ದಿನದ ವ್ಯಾಪಾರಕ್ಕೆ ಸೊಗಸು. ಹಲವು ದಿನ ಇಡುವುದಕ್ಕೆ ಕಾಳುಮೆಣಸೇ ಒಳ್ಳೆಯದು. 170 ಡಿಗ್ರಿಯಲ್ಲಿ ಸುಮಾರು 18 ನಿಮಿಷಕ್ಕೆ ಹೊಂಬಣ್ಣ ಬರುವುದು. ಸಿಹಿ ಒಲ್ಲದ ಹಿರಿಯರಿಗೆ ಇದು ಪ್ರಿಯ. ಆದರೆ ಮಧುಮೇಹವುಳ್ಳವರಿಗೆ ಇದು ನಿರಪಾಯವೆಂದು ಎಣಿಸಬಾರದು. ಮೈದಾ ಹಿಟ್ಟು ಸಹ ರಕ್ತದ ಸಕ್ಕರೆಯನ್ನು ಏರಿಸುವುದು.

ಓವನ್ನು ಇಲ್ಲದ ಮನೆಯವರು ನಿರಾಶರಾಗಬೇಕಾಗಿಲ್ಲ. ದಪ್ಪ ತಳದ ಬಾಣಲೆಯಲ್ಲಿ ಎರಡು ಬೆರಳಷ್ಟು ಮರಳನ್ನಾಗಲಿ ಉಪ್ಪನ್ನಾಗಲಿ ಹರಡಿ, ಮುಚ್ಚಿ, ಹತ್ತು ನಿಮಿಷ ಕಾಯಿಸಿ, ಒಳಗೆ ಒಂದು ಸ್ಟ್ಯಾಂಡು ಇಟ್ಟು, ಅದರ ಮೇಲೆ ತಟ್ಟೆಯನ್ನಿರಿಸಿ ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿದರೆ ನಾನ್‌ಖಟಾಯಿಯು ಚೆನ್ನಾಗಿಯೇ ಬರುವುದು. ಕರಿಯುವ ತಿಂಡಿಗಳೂ ಉಂಟಷ್ಟೆ. ಮಂಗಳೂರಿನ ಕೊಂಕಣಿ ಕ್ರೈಸ್ತರು ‘ಕುಸ್ವಾರ್’ ಎಂದು ಕೂಡಿಸಿ ಹಂಚುವ ಹಬ್ಬದ ತಿಂಡಿಗಳಲ್ಲಿ ಕಿಡಿಯೊ, ನೆವ್ರ್ಯೊ ಮೊದಲಾದುವು ಎಣ್ಣೆಯಲ್ಲಿಯೇ ಬೇಯುವುವು; ನಾವು ಕಲಕಲವೆನ್ನುವುದೂ ಕಿಡಿಯೊ ಎಂಬುದೂ ಒಂದೇ. ಕಲಕಲವನ್ನೂ ಗುಲಾಬಿ ಅಚ್ಚಿನ ಬಿಸ್ಕತ್ತನ್ನೂ ಮೊಟ್ಟೆ ಬಿಟ್ಟು ತೆಂಗಿನ ಹಾಲಿನಲ್ಲಿ ಕಲಸಬಹುದು. ಆದರೆ ಕರಿದುದು ಬೇಗ ಎಣ್ಣೆಯ ಕಮಟು ಹಿಡಿಯುವುದರಿಂದ ಅವನ್ನು ಹಬ್ಬಕ್ಕೆ ಹತ್ತಿರವಾಗಿಯೇ ಮಾಡತಕ್ಕದ್ದು.

ಕೆಲಸವನ್ನು ದಿನಗಳಿಗೆ ಹಂಚಿಕೊಂಡರೆ ದಣಿವಾಗದು. ಶುಂಠಿಯ ಬಿಸ್ಕತ್ತು ಮೂರು ವಾರದವರೆಗೂ ನಿಲ್ಲುವುದು, ಇಟ್ಟಷ್ಟೂ ಅದರ ರುಚಿಯು ಕೂಡುವುದು. ಅದನ್ನು ಡಿಸೆಂಬರ್ ನಡುವಿನಲ್ಲಿಯೇ ಮುಗಿಸಬಹುದು. ನಾನ್‌ಖಟಾಯಿಯನ್ನು 19 ಅಥವಾ 20ರಂದು, ಖಾರದ್ದನ್ನು 22ರಂದು ಬೇಯಿಸಿದರೆ ಸಾಕು. ಪೂರ್ತಿಯಾಗಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು. ಬಿಸಿಯಾಗಿ ತುಂಬಿದರೆ ಹಬೆಯು ಒಳಗೇ ನೀರಾಗಿ ಎಲ್ಲವೂ ಮೆತ್ತಗಾಗುವುದು. ಖಾರದ್ದಕ್ಕೆ ಬೇರೆ ಡಬ್ಬಿಯೇ ಇರಲಿ. ಇಲ್ಲದಿದ್ದರೆ ನಾನ್‌ಖಟಾಯಿಯು ಕರಿಬೇವಿನ ವಾಸನೆ ಹೊಡೆಯುವುದು.

ಮೊಟ್ಟೆ ಹಾಕಿದ ಕೇಕನ್ನು ಮನೆಯಲ್ಲಿ ಮಾಡುವವರು ಈ ಬಿಸ್ಕತ್ತುಗಳನ್ನು ಮೊದಲು ಮುಗಿಸಿ, ಪಾತ್ರೆಗಳನ್ನು ಬೇರೆಯಾಗಿ ಇರಿಸಿಕೊಳ್ಳತಕ್ಕದ್ದು. ಕೇಕಿನ ತುಂಡನ್ನು ಬಿಸ್ಕತ್ತಿನ ತಟ್ಟೆಯಲ್ಲಿಯೇ ಇಟ್ಟು ಕಳುಹಿಸಿದರೆ ಪಟ್ಟ ಶ್ರಮವೆಲ್ಲವೂ ವ್ಯರ್ಥ. ಅಂಗಡಿಯ ಪೊಟ್ಟಣದ ಮೇಲೆ ಹಸುರು ಗುರುತನ್ನು ನೋಡಿ ಜನರು ಕೊಳ್ಳುವರು. ಮನೆಯ ತಟ್ಟೆಗೆ ಅಂತಹ ಗುರುತಿಲ್ಲ. ಆದುದರಿಂದ ಒಂದು ಚೀಟಿಯಲ್ಲಿ “ಮೊಟ್ಟೆಯಿಲ್ಲ, ಮೈದಾ, ಹಾಲಿನ ಪದಾರ್ಥ, ಕಡಲೆ ಹಿಟ್ಟು ಉಂಟು” ಎಂದು ಮಗಳ ಕೈಯಿಂದ ದುಂಡಗೆ ಬರೆಯಿಸಿ ತಟ್ಟೆಯೊಡನೆ ಇರಿಸಬೇಕು. ಗೋಡಂಬಿ, ಬಾದಾಮಿ, ಕಡಲೆಕಾಯಿಗಳನ್ನು ಹಾಕಿದ್ದರೆ ಅದನ್ನೂ ತಪ್ಪದೆ ಬರೆಯಬೇಕು. ಕೆಲವು ಮಕ್ಕಳಿಗೆ ಅವುಗಳಿಂದ ಪ್ರಾಣಾಪಾಯವೇ ಒದಗಬಹುದು. ಬೇರೆ ಮನೆಯಲ್ಲಿ ಬೇಯಿಸಿದ ಯಾವುದನ್ನೂ ಮುಟ್ಟದ ವ್ರತವುಳ್ಳವರು ನೆರೆಯಲ್ಲಿದ್ದರೆ, ಕನಕಪುರ ರಸ್ತೆಯ ಸಾರಕ್ಕಿ ಮಾರುಕಟ್ಟೆಯಿಂದ ಒಳ್ಳೆಯ ಕಿತ್ತಳೆ ಬಾಳೆಹಣ್ಣುಗಳನ್ನು ತಂದು ಅದೇ ಆದರದಿಂದ ಒಪ್ಪಿಸಬಹುದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಿಯರೂ ಅಜ್ಜಿಯರೂ ಆಗಿರುವರು. ಅವರು ಈ ವರ್ಷ ಹಿಟ್ಟನ್ನು ಅಳೆಯುವ ಮುಂಚೆ ಮನೆಯ ಹುಡುಗಿಯರನ್ನು ಕೂರಿಸಿಕೊಂಡು, ತಟ್ಟೆಯು ಹೋಗತಕ್ಕ ಮನೆಗಳ ಹೆಸರನ್ನು ಒಂದು ಹಾಳೆಯ ಮೇಲೆ ಬರೆಯಿಸಲಿ. ಒಂದೊಂದು ಹೆಸರಿನ ಎದುರಿಗೆ ಆ ಮನೆಯವರು ಏನನ್ನು ತಿನ್ನುವರು, ಏನನ್ನು ತಿನ್ನರು ಎಂಬುದನ್ನೂ ಬರೆಯಿಸಲಿ. ತಿಳಿಯದಿದ್ದರೆ ಹುಡುಗಿಯು ಹೋಗಿ ಕೇಳಿಕೊಂಡು ಬರಲಿ. ಆ ಹಾಳೆಯು ಕೈಯಲ್ಲಿದ್ದರೆ ಯಾವ ಬಿಸ್ಕತ್ತನ್ನು ಆರಿಸಬೇಕೆಂಬುದು ತಾನಾಗಿಯೇ ತಿಳಿಯುವುದು.