ಪರದೇಶದಲ್ಲಿ ನಮ್ಮ ಊಟ



ನಮ್ಮ ಸೇಲಂ, ಧರ್ಮಪುರಿ ಜಿಲ್ಲೆಗಳ ಹುಡುಗರು ಕೆಲಸಕ್ಕಾಗಿ ಸಿಂಗಪುರ, ದುಬೈ, ಲಂಡನ್ ಎಂದು ಹೋಗುತ್ತಾರೆ. ಮಕ್ಕಳನ್ನು ನೋಡಿಬರಲು ಹೆತ್ತವರೂ ಒಮ್ಮೆ ವಿಮಾನ ಹತ್ತುತ್ತಾರೆ. ಬಂದ ಮೇಲೆ ಹಲವರು ಹೇಳುವುದು ಒಂದೇ ಮಾತು: "ಇಂಡಿಯನ್ ಹೋಟೆಲು ಅಂತ ಬೋರ್ಡು ಇತ್ತು, ಒಳಗೆ ಹೋದರೆ ನಮ್ಮದು ಒಂದೂ ಇರಲಿಲ್ಲ." ಇದು ಯಾಕೆ ಹೀಗೆ ಎಂಬುದನ್ನು ಈ ಹೊತ್ತು ನೋಡೋಣ.

ಲಂಡನ್ನಿನಲ್ಲಿ ಭಾರತೀಯನೊಬ್ಬ ಊಟದ ಮನೆ ತೆರೆದದ್ದು 1810ರಲ್ಲಿ. ಪಾಟ್ನಾ ಕಡೆಯ ದೀನ್ ಮಹಮ್ಮದ್ ಎಂಬವರು ಜಾರ್ಜ್ ಸ್ಟ್ರೀಟಿನಲ್ಲಿ ಅದನ್ನು ನಡೆಸಿದರು. ಎರಡೇ ವರ್ಷದಲ್ಲಿ ದಿವಾಳಿಯಾಯಿತು. ಆಮೇಲೆ ಬ್ರಿಟನ್ನಿನಲ್ಲಿ ಇಂಡಿಯನ್ ಹೋಟೆಲುಗಳು ಊರೂರಿಗೆ ಹಬ್ಬಿದವು. ಅವುಗಳಲ್ಲಿ ಹೆಚ್ಚಿನವನ್ನು ನಡೆಸಿದವರು ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಅವರ ಹಿರಿಯರಲ್ಲಿ ಎಷ್ಟೋ ಮಂದಿ ಹಡಗುಗಳಲ್ಲಿ ದುಡಿದವರು. ಗಿರಾಕಿಗೆ ಬೇಗ ಬಡಿಸಬೇಕೆಂದು ಅವರು ಒಂದು ಉಪಾಯ ಮಾಡಿಕೊಂಡರು. ಈರುಳ್ಳಿ ಬೇಯಿಸಿ ರುಬ್ಬಿದ ಗೊಜ್ಜನ್ನು ದೊಡ್ಡ ಪಾತ್ರೆಯಲ್ಲಿ ಮೊದಲೇ ಮಾಡಿಡುವುದು; ಕೇಳಿದವರಿಗೆ ಅದಕ್ಕೇ ಕೆನೆ ಹಾಕಿದರೆ ಕುರ್ಮಾ, ಖಾರ ಹೆಚ್ಚಿಸಿದರೆ 'ಮದ್ರಾಸ್'. ಮದ್ರಾಸಿನಲ್ಲೇ ಹುಟ್ಟಿ ಬೆಳೆದವರಿಗೆ ಅಂಥ ಸಾರು ಗೊತ್ತಿಲ್ಲ! ಇದರ ಜೊತೆಗೆ ಪಂಜಾಬಿನ ತಂದೂರಿ ರೊಟ್ಟಿ ಸೇರಿತು. ಅಲ್ಲಿನ ಜನ ಇದನ್ನೇ ಭಾರತದ ಊಟ ಎಂದು ತಿಳಿದರು. ಮೋಸ ಎನ್ನುವಂತಿಲ್ಲ, ಹೊಟ್ಟೆಪಾಡಿಗೆ ಹೋದವರು ಗಿರಾಕಿಯ ನಾಲಿಗೆ ನೋಡಿ ಅಡುಗೆ ಮಾಡಿದರು, ಅಷ್ಟೆ.

ನಮ್ಮ ಕನ್ನಡದವರ ಕಥೆ ಸ್ವಲ್ಪ ಬೇರೆ. ಉಡುಪಿ ಸೀಮೆಯ ಹುಡುಗರಿಗೆ ಮದ್ರಾಸು, ಮುಂಬಯಿಗಳೇ ಮೊದಲ ಪರದೇಶ. ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದ್ರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ಬೆಂಗಳೂರಿನಲ್ಲಿ 1924ರಲ್ಲಿ ಹುಟ್ಟಿದ ಮಾವಳ್ಳಿ ಟಿಫಿನ್ ರೂಮ್ 2013ರಲ್ಲಿ ಸಿಂಗಪುರದ ಸೆರಂಗೂನ್ ರಸ್ತೆಗೆ ಹೋಯಿತು. ಅದೇ ರಸ್ತೆಯಲ್ಲಿ ತಮಿಳರ ಕೋಮಲ ವಿಲಾಸ್ 1947ರಿಂದ ಇದೆ. ಇಂಥ ಕಡೆ ನಮ್ಮವರಿಗೆ ಇಡ್ಲಿ, ದೋಸೆ ಅಪರಿಚಿತವಲ್ಲ.

ಆದರೂ ರುಚಿ ಯಾಕೆ ಒಂದಿಷ್ಟು ಬದಲಾಗುತ್ತದೆ? ಮೊದಲನೆಯದು ಹಿಟ್ಟು. ಅಕ್ಕಿ-ಉದ್ದಿನ ಹಿಟ್ಟು ಹುಳಿ ಬರಲು ಸೆಕೆ ಬೇಕು. ಏರ್ಕಾಡಿನ ಮಾರ್ಗಶಿರದ ಚಳಿಯಲ್ಲೇ ಹಿಟ್ಟು ಉಬ್ಬಲು ತಡವಾಗುವುದು ನಮ್ಮ ಹೆಂಗಸರಿಗೆ ಗೊತ್ತು. ಲಂಡನ್ನಿನ ಚಳಿಯಲ್ಲಿ ಕೇಳಬೇಕೆ? ಒಲೆಯ ಪೆಟ್ಟಿಗೆಯೊಳಗೆ ದೀಪ ಹೊತ್ತಿಸಿ, ಪಾತ್ರೆಯನ್ನು ಅದರಲ್ಲಿಡುತ್ತಾರೆ. ಎರಡನೆಯದು ಅಕ್ಕಿ. ಬಾಸ್ಮತಿಯಲ್ಲಿ ನಮ್ಮ ಇಡ್ಲಿಯ ಹದ ಬರದು, ಕುಸುಬಲಕ್ಕಿಯೇ ಬೇಕು. ಇನ್ನು ಸಾಂಬಾರು. ಉಡುಪಿಯವರು ಬೆಲ್ಲ ಹಾಕುತ್ತಾರೆ, ಸೇಲಂನವರಿಗೆ ಅದು ಸಿಹಿ ಎನಿಸುತ್ತದೆ. ಇವೆರಡರಲ್ಲಿ ಅಸಲಿ ಯಾವುದು? ಎರಡೂ ಹೌದು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ಅಸಲಿ', 'ಶುದ್ಧ' ಎಂಬ ಮಾತುಗಳಿಗೆ ಇನ್ನೊಂದು ಮುಖವೂ ಇದೆ. ಒಂದು ಕಾಲಕ್ಕೆ ಶುದ್ಧ ಊಟ ಎಂದರೆ ಮಾಡುವವನ ಜಾತಿ, ಪಂಕ್ತಿಯಲ್ಲಿ ಕೂರುವವನ ಜಾತಿ ಎಂದೇ ಅರ್ಥವಿತ್ತು. ಮದ್ರಾಸಿನ ತಿರುವಲ್ಲಿಕ್ಕೇಣಿಯ ಹೋಟೆಲೊಂದರ ಬೋರ್ಡಿನಲ್ಲಿದ್ದ 'ಬ್ರಾಹ್ಮಣ' ಎಂಬ ಪದವನ್ನು ತೆಗೆಯಬೇಕೆಂದು 1957ರಲ್ಲಿ ಪೆರಿಯಾರ್ ಅವರ ಕಡೆಯವರು ಚಳವಳಿ ಹೂಡಿದರು. ಜಾತಿಯ ಕಾರಣಕ್ಕೆ ಯಾರನ್ನೂ ಹೋಟೆಲಿನಿಂದ ಹೊರಗಿಡಬಾರದೆಂದು ಸಂವಿಧಾನದ 15ನೇ ವಿಧಿ 1950ರಲ್ಲೇ ಹೇಳಿತ್ತು. ಆದ್ದರಿಂದ ನಾವು ಅಸಲಿ ಎನ್ನುವಾಗ ಹಿಟ್ಟಿನ ಹದ, ಕಾಯಿಚಟ್ನಿಯ ತಾಜಾತನ ನೋಡೋಣ. ಬಡಿಸುವವನ ಕುಲ ವಿಚಾರಿಸುವುದು ಬೇಡ.

ಹೋಗುವವರಿಗೆ ನಾಲ್ಕು ಮಾತು. ಸಿಂಗಪುರದ ಹಲವು ಹೋಟೆಲುಗಳ ಬೆಲೆಪಟ್ಟಿಯಲ್ಲಿ ದರದ ಮುಂದೆ ಎರಡು ಕೂಡಿಸುವ ಗುರುತುಗಳಿರುತ್ತವೆ. ಒಂದು ಸೇವಾಶುಲ್ಕ, ಸಾಮಾನ್ಯವಾಗಿ ನೂರಕ್ಕೆ 10. ಇನ್ನೊಂದು ತೆರಿಗೆ, 2024ರಿಂದ ನೂರಕ್ಕೆ 9. ತೆರಿಗೆಯನ್ನು ಸೇವಾಶುಲ್ಕ ಸೇರಿಸಿದ ಮೇಲೆ ಹಾಕುತ್ತಾರೆ. 10 ಡಾಲರಿನ ತಿಂಡಿಗೆ 1 ಡಾಲರು ಸೇರಿ 11, ಅದರ ಮೇಲೆ ತೆರಿಗೆ 99 ಸೆಂಟು. ಒಟ್ಟು 11 ಡಾಲರು 99 ಸೆಂಟು. ಮೊದಲೇ ಲೆಕ್ಕ ಹಾಕಿಕೊಂಡರೆ ಬಿಲ್ಲು ಕಂಡು ಗಾಬರಿಯಾಗುವುದಿಲ್ಲ. ಅಮೆರಿಕದಲ್ಲಿ ಬಡಿಸಿದವರಿಗೆ ನೂರಕ್ಕೆ 15ರಿಂದ 20ರಷ್ಟು ಇನಾಮು ಕೊಡುವುದು ರೂಢಿ. ಅವರ ಸಂಪಾದನೆಯ ದೊಡ್ಡ ಪಾಲು ಅದೇ.

ಸಸ್ಯಾಹಾರಿಗಳು ಥಾಯಿ, ಚೀನೀ ಹೋಟೆಲುಗಳಲ್ಲಿ "ಮಾಂಸ ಬೇಡ" ಎಂದರೆ ಸಾಲದು. ಮೀನಿನ ರಸ, ಸಿಂಪಿಯ ರಸ ಹಾಕುತ್ತಾರೆಯೇ ಎಂದು ಬಿಡಿಸಿ ಕೇಳಬೇಕು.

ಸಿಂಗಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದು. ಹಾಗಾಗಿ ಅಲ್ಲಿ ಸಂಕೋಚಪಡದೆ ತಮಿಳಿನಲ್ಲಿ ಮಾತಾಡಿ. ಉಡುಪಿ ಎಂಬ ಬೋರ್ಡು ಕಂಡರೆ ಒಂದು ಮಾತು ಕನ್ನಡದಲ್ಲೂ ಕೇಳಿ ನೋಡಿ: "ಯಾವೂರಪ್ಪಾ ನಿಮ್ಮದು?" ಒಳಗಿನಿಂದ ಕನ್ನಡದಲ್ಲೇ ಉತ್ತರ ಬಂದರೆ ಆಶ್ಚರ್ಯವಿಲ್ಲ. ಸಾಧ್ಯವಾದರೆ ಚೀಲದಲ್ಲಿ ನಮ್ಮ ಶೇರ್ವರಾಯನ್ ಬೆಟ್ಟದ ಕಾಫಿಪುಡಿಯ ಒಂದು ಪೊಟ್ಟಣ, ಒಂದು ಫಿಲ್ಟರ್ ಇಟ್ಟುಕೊಳ್ಳಿ. ಮಕ್ಕಳ ಮನೆಯಲ್ಲಿ ಬೆಳಗಿನ ಕಾಫಿಯ ಚಿಂತೆಯಾದರೂ ತಪ್ಪುತ್ತದೆ.