ಸೂಜಿ ಚಿಕಿತ್ಸೆ ಮತ್ತು ಸಂತಾನ: ಪ್ರಯೋಗಗಳು ಹೇಳುವುದೇನು?

ಕಳೆದ ಬೇಸಿಗೆಯಲ್ಲಿ ಸಿರುಗುಪ್ಪದಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕರಿಗಾಗಿ ಒಂದು ದಿನದ ಕಾರ್ಯಾಗಾರ ಏರ್ಪಾಡಾಗಿತ್ತು. ಸರಳ ಲೋಲಕ, ಅಳತೆಯ ದೋಷ, ಸರಾಸರಿ ಇವು ನನ್ನ ಪಾಲಿಗೆ ಬಂದ ವಿಷಯಗಳು. ಊಟದ ಬಿಡುವಿನಲ್ಲಿ ಶಿಕ್ಷಕಿಯೊಬ್ಬಳು ಹತ್ತಿರ ಬಂದಳು. ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದುವಾಗ ನನ್ನ ತರಗತಿಯಲ್ಲಿದ್ದವಳು. ಈಗ 33 ವರ್ಷ, ಮನೆ ಕುರುಗೋಡಿನಲ್ಲಿ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಿಲ್ಲ. ಆರು ತಿಂಗಳಿಂದ ಪ್ರತಿ ಭಾನುವಾರ ಬಸ್ಸು ಹಿಡಿದು ಬಳ್ಳಾರಿಗೆ ಬಂದು ಆಕ್ಯುಪಂಕ್ಚರ್ ಮಾಡಿಸಿಕೊಳ್ಳುತ್ತಿದ್ದಾಳೆ.

"ಸೂಜಿಗೆ ಸಣ್ಣಗೆ ಕರೆಂಟ್ ಕೊಡ್ತಾರೆ ಸರ್. ಕರೆಂಟ್ ನಿಮ್ಮ ಸಬ್ಜೆಕ್ಟ್ ಅಲ್ವಾ? ಇದರಿಂದ ಮಕ್ಕಳಾಗ್ತಾವಾ?" ಎಂದು ಕೇಳಿದಳು.

ನಾನು ವೈದ್ಯನಲ್ಲ. ಆದರೆ ಪ್ರಶ್ನೆಯ ಒಂದು ಭಾಗ ಭೌತವಿಜ್ಞಾನದ್ದೂ ಹೌದು: ಒಂದು ಪರಿಣಾಮ ಇದೆಯೋ ಇಲ್ಲವೋ ಎಂಬುದನ್ನು ಅಳೆಯುವುದು ಹೇಗೆ? ಉತ್ತರ ಹುಡುಕಲು ನನಗೆ ಕೆಲವು ವಾರಗಳು ಹಿಡಿದವು. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಈ ಚಿಕಿತ್ಸೆ ಚೀನಾದ್ದೆಂಬುದು ನಿಮಗೆ ಗೊತ್ತು. ಭಾರತಕ್ಕೆ ಅದು ಬಂದ ಕಥೆಗೆ ನಮ್ಮ ಗಡಿಯ ಊರಿನ ನಂಟಿದೆ. 1938ರಲ್ಲಿ, ಜಪಾನಿನೊಡನೆ ಯುದ್ಧದಲ್ಲಿದ್ದ ಚೀನಾಕ್ಕೆ ಭಾರತದಿಂದ ಐವರು ವೈದ್ಯರ ತಂಡ ಹೋಯಿತು. ಅವರಲ್ಲಿ ಒಬ್ಬರು ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್. 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಕಲ್ಕತ್ತೆಯ ಬಿಜೊಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಬಂದು ಇಲ್ಲಿ ಹರಡಿದರು. 2019ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಪ್ರತ್ಯೇಕ ಚಿಕಿತ್ಸಾ ಪದ್ಧತಿಯೆಂಬ ಮಾನ್ಯತೆ ನೀಡಿತು. ಮಾನ್ಯತೆ ಬೇರೆ, ಯಾವ ರೋಗಕ್ಕೆ ಎಷ್ಟು ಫಲವೆಂಬ ಪುರಾವೆ ಬೇರೆ.

ಈಗ ಕರೆಂಟಿನ ಮಾತು. ಚರ್ಮದಲ್ಲಿ ನೆಟ್ಟ ಎರಡು ಸೂಜಿಗಳ ನಡುವೆ ಕೆಲವೇ ಮಿಲಿಆಂಪಿಯರ್‌ಗಳ ಸ್ಪಂದಿತ ವಿದ್ಯುತ್ತನ್ನು ಹರಿಸಿದರೆ ಆ ಭಾಗದ ನರಗಳು ಪ್ರಚೋದನೆಗೊಳ್ಳುತ್ತವೆ. ಮಿದುಳಿನಲ್ಲಿ ಎಂಡಾರ್ಫಿನ್ ಎಂಬ ನೋವು ಶಮನಕಾರಿ ವಸ್ತುಗಳು ಬಿಡುಗಡೆಯಾಗುತ್ತವೆ. ಇದರಲ್ಲಿ ನಿಗೂಢವೇನೂ ಇಲ್ಲ. ದೇಹದಲ್ಲಿ 'ಚಿ' ಎಂಬ ಶಕ್ತಿ ನಾಳಗಳಲ್ಲಿ ಹರಿಯುತ್ತದೆ ಎಂಬ ಹಳೆಯ ವಿವರಣೆಗೆ ಮಾತ್ರ ಯಾವ ಮಾಪಕದಲ್ಲೂ ಆಧಾರ ಸಿಕ್ಕಿಲ್ಲ. 1996ರಲ್ಲಿ ಸ್ವೀಡನ್ನಿನ ಸ್ಟೆನರ್-ವಿಕ್ಟೋರಿನ್ ಮತ್ತು ಸಂಗಡಿಗರು 10 ಮಹಿಳೆಯರಿಗೆ ನಾಲ್ಕು ವಾರ ಇಂಥ ಚಿಕಿತ್ಸೆ ಕೊಟ್ಟು, ಗರ್ಭಕೋಶದ ಅಪಧಮನಿಗಳಲ್ಲಿ ರಕ್ತದ ಹರಿವನ್ನು ಡಾಪ್ಲರ್ ವಿಧಾನದಿಂದ ಅಳೆದರು. ಹರಿವಿಗಿದ್ದ ತಡೆ ಕಡಿಮೆಯಾಗಿತ್ತು. ಕುತೂಹಲದ ಫಲಿತಾಂಶವೇ. ಆದರೆ ಹೋಲಿಕೆಗೆ ಚಿಕಿತ್ಸೆಯಿಲ್ಲದ ಗುಂಪು ಇರಲಿಲ್ಲ. ರಕ್ತದ ಹರಿವು ಹೆಚ್ಚಿತೆಂದರೆ ಮಗು ಹುಟ್ಟಿತೆಂದು ಅರ್ಥವೂ ಅಲ್ಲ.

ಹಾಗಾದರೆ "ಸೂಜಿ ಹಾಕಿಸಿಕೊಂಡೆ, ಗರ್ಭ ನಿಂತಿತು" ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಒಂದು ಲೆಕ್ಕ ನೋಡಿ. ಹೆಂಡತಿಯ ವಯಸ್ಸು 40ರೊಳಗಿರುವ 100 ದಂಪತಿಗಳು ಗರ್ಭನಿರೋಧಕವಿಲ್ಲದೆ ಬಾಳಿದರೆ ಒಂದು ವರ್ಷದಲ್ಲಿ 80ಕ್ಕೂ ಹೆಚ್ಚು ಮಂದಿಗೆ ಗರ್ಭ ನಿಲ್ಲುತ್ತದೆ. ಉಳಿದವರು 16 ಎಂದುಕೊಳ್ಳೋಣ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೆಯ ವರ್ಷದಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ಗರ್ಭ ನಿಲ್ಲುತ್ತದೆ. ಆ 16 ಮಂದಿಯೂ ಎರಡನೆಯ ವರ್ಷ ಸೂಜಿ ಹಾಕಿಸಿಕೊಳ್ಳಲು ಹೋದರೆ ಚಿಕಿತ್ಸಕರ ಪುಸ್ತಕದಲ್ಲಿ ಶೇಕಡಾ 50 ಯಶಸ್ಸು ದಾಖಲಾಗುತ್ತದೆ. ಸೂಜಿಯ ಬದಲು ಬೆಲ್ಲದ ಪಾನಕ ಕೊಟ್ಟಿದ್ದರೂ ಅಷ್ಟೇ ದಾಖಲಾಗುತ್ತಿತ್ತು. ಆದ್ದರಿಂದ ಹೋಲಿಕೆಯ ಗುಂಪಿಲ್ಲದೆ ಎಷ್ಟು ಉದಾಹರಣೆ ಕೂಡಿಸಿದರೂ ಪ್ರಯೋಜನವಿಲ್ಲ.

ಹೋಲಿಕೆಯ ಗುಂಪಿಟ್ಟುಕೊಂಡು ಮಾಡಿದ ಪ್ರಯೋಗಗಳಲ್ಲಿ ಹೆಸರಾದದ್ದು ಜರ್ಮನಿಯ ಪೌಲಸ್ ಮತ್ತು ಸಂಗಡಿಗರದು. 2002ರಲ್ಲಿ ಪ್ರಕಟವಾಯಿತು. ಪ್ರನಾಳ ಶಿಶು ಚಿಕಿತ್ಸೆ ಪಡೆಯುತ್ತಿದ್ದ 160 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 80 ಮಂದಿಗೆ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಮೊದಲು ಮತ್ತು ನಂತರ 25 ನಿಮಿಷ ಸೂಜಿ. ಉಳಿದ 80 ಮಂದಿಗೆ ಇಲ್ಲ. ಸೂಜಿಯ ಗುಂಪಿನಲ್ಲಿ 34 ಮಂದಿಗೆ (ಶೇ. 42.5), ಮತ್ತೊಂದರಲ್ಲಿ 21 ಮಂದಿಗೆ (ಶೇ. 26.3) ಗರ್ಭ ನಿಂತಿತು. ಶಿಕ್ಷಕರು ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿಸಬಹುದು: ಎರಡೂ ಗುಂಪು ಸೇರಿ 160ಕ್ಕೆ 55, ಅಂದರೆ 0.344. ವ್ಯತ್ಯಾಸದ ಮಾನಕ ದೋಷ ಸುಮಾರು 0.075. ಕಂಡ ವ್ಯತ್ಯಾಸ 0.162, ಅಂದರೆ ಮಾನಕ ದೋಷದ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಕೇವಲ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಬರುವ ಸಾಧ್ಯತೆ 100ಕ್ಕೆ 3. ಜಗತ್ತಿನ ಹಲವೆಡೆ ಸಂತಾನ ಚಿಕಿತ್ಸಾ ಕೇಂದ್ರಗಳು ಸೂಜಿಯತ್ತ ತಿರುಗಲು ಈ ಪ್ರಬಂಧ ಕಾರಣವಾಯಿತು.

ಆದರೆ ಇದರಲ್ಲೊಂದು ಕೊರತೆಯಿತ್ತು. ತಮಗೆ ಸೂಜಿ ಬಿದ್ದಿದೆಯೋ ಇಲ್ಲವೋ ಎಂಬುದು ಎಲ್ಲ ಮಹಿಳೆಯರಿಗೂ ಗೊತ್ತಿತ್ತು. ಅದರಿಂದೇನು ಎನ್ನುತ್ತೀರಾ? ನಮ್ಮ ಪ್ರಯೋಗಶಾಲೆಗೆ ಬನ್ನಿ. ಗುರುತ್ವ ವೇಗೋತ್ಕರ್ಷ 9.8 ಬರಬೇಕೆಂದು ಮೊದಲೇ ಗೊತ್ತಿರುವ ವಿದ್ಯಾರ್ಥಿಗೆ 9.8ಕ್ಕೆ ಹತ್ತಿರದ ಉತ್ತರವೇ ಬರುತ್ತದೆ. ಅವನು ಮೋಸಗಾರನಲ್ಲ, ಇಪ್ಪತ್ತನೆಯ ಆಂದೋಲನ ಮುಗಿಯಿತೆಂದು ಗಡಿಯಾರದ ಗುಂಡಿ ಒತ್ತುವ ಬೆರಳಿಗೆ ಉತ್ತರ ಗೊತ್ತಿರುತ್ತದೆ, ಅಷ್ಟೇ. ಮೂವತ್ತು ವರ್ಷ ಪ್ರಾಯೋಗಿಕ ಪರೀಕ್ಷೆ ನಡೆಸಿದ ನನಗೆ ಈ ಬೆರಳಿನ ಪರಿಚಯ ಚೆನ್ನಾಗಿದೆ. ಚಿಕಿತ್ಸೆಯಲ್ಲೂ ಹೀಗೆಯೇ. ನಿರೀಕ್ಷೆ, ಧೈರ್ಯ, ವೈದ್ಯರ ಹೆಚ್ಚಿನ ಗಮನ ಇವೆಲ್ಲ ಒಂದು ಗುಂಪಿಗೆ ಮಾತ್ರ ಸಿಗಬಾರದು.

ಮಾತ್ರೆಯಾದರೆ ಸಕ್ಕರೆಯ ಮಾತ್ರೆ ಕೊಡಬಹುದು. ಸುಳ್ಳು ಸೂಜಿ ಹೇಗೆ? 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಇದಕ್ಕೊಂದು ಸೊಗಸಾದ ಉಪಾಯ ಪ್ರಕಟಿಸಿದರು. ಬಳ್ಳಾರಿ ರಾಘವರ ಊರಿನವರಿಗೆ ಅದನ್ನು ವಿವರಿಸುವುದು ಸುಲಭ: ನಾಟಕದ ಚೂರಿ! ಒತ್ತಿದಾಗ ಅಲಗು ಹಿಡಿಯೊಳಕ್ಕೆ ಜಾರುತ್ತದೆ, ನೋಡುವವರಿಗೆ ಎದೆಗೆ ಹೊಕ್ಕಂತೆ ಕಾಣುತ್ತದೆ. ಈ ಸೂಜಿಯ ಮೊನೆಯೂ ಮೊಂಡು. ಚರ್ಮಕ್ಕೆ ತಾಗಿ ಚುಚ್ಚಿದಂತೆ ಅನಿಸುತ್ತದೆ, ಒಳಗೆ ಹೋಗುವುದಿಲ್ಲ.

ಇಂಥ ಸೂಜಿ ಬಳಸಿ 2009ರಲ್ಲಿ ಹಾಂಗ್‌ಕಾಂಗ್‌ನಲ್ಲಿ 370 ಮಹಿಳೆಯರ ಮೇಲೆ ಪ್ರಯೋಗವಾಯಿತು. ನಿಜವಾದ ಸೂಜಿಯ ಗುಂಪಿನಲ್ಲಿ ಶೇ. 43.8 ಮಂದಿಗೆ, ಸುಳ್ಳು ಸೂಜಿಯ ಗುಂಪಿನಲ್ಲಿ ಶೇ. 55.1 ಮಂದಿಗೆ ಗರ್ಭ ನಿಂತಿತು! ಸುಳ್ಳು ಸೂಜಿಯೇ ಮೇಲೆಂದು ಇದರ ಅರ್ಥವಲ್ಲ. ಕೆಲವು ನೂರು ಮಂದಿಯ ಪ್ರಯೋಗದಲ್ಲಿ ತಕ್ಕಡಿ ಎರಡೂ ಕಡೆಗೆ ವಾಲಬಹುದೆಂದು ಅರ್ಥ. ಹಾಗಾಗಿ ದೊಡ್ಡ ಪ್ರಯೋಗ ಬೇಕಿತ್ತು. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ 848 ಮಹಿಳೆಯರು ಪಾಲ್ಗೊಂಡ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಇಲ್ಲಿ ಎಣಿಸಿದ್ದು ಗರ್ಭವನ್ನಲ್ಲ, ಜೀವಂತ ಹುಟ್ಟಿದ ಮಗುವನ್ನು. ನಿಜವಾದ ಸೂಜಿ: ಶೇ. 18.3. ಸುಳ್ಳು ಸೂಜಿ: ಶೇ. 17.8.

ನನ್ನ ವಿದ್ಯಾರ್ಥಿನಿಗೆ ಪ್ರನಾಳ ಶಿಶು ಚಿಕಿತ್ಸೆ ನಡೆಯುತ್ತಿರಲಿಲ್ಲ. ಬರೀ ಸೂಜಿಯಿಂದ ಏನಾಗುತ್ತದೆಂಬುದಕ್ಕೆ 2017ರಲ್ಲಿ ಪ್ರಕಟವಾದ ಪ್ರಯೋಗ ಹತ್ತಿರದ್ದು. ಇದನ್ನು ನಡೆಸಿದವರು ಚೀನಾದವರೇ, ಅದೂ ಚೀನೀ ವೈದ್ಯ ಪದ್ಧತಿಯ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ. ಅಂಡಾಶಯದಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ಪಿ.ಸಿ.ಓ.ಎಸ್. ತೊಂದರೆಯಿದ್ದ 1,000 ಮಹಿಳೆಯರು, ನಾಲ್ಕು ಗುಂಪು. ಮಗು ಹುಟ್ಟಿದ ಪ್ರಮಾಣ ಹೀಗಿತ್ತು: ಕ್ಲೋಮಿಫೀನ್ ಮಾತ್ರೆ ಮತ್ತು ನಿಜವಾದ ಸೂಜಿ ಶೇ. 29.4; ಮಾತ್ರೆ ಮತ್ತು ತೋರಿಕೆಯ ಸೂಜಿ ಶೇ. 28.0, ಸುಳ್ಳು ಮಾತ್ರೆ ಮತ್ತು ನಿಜವಾದ ಸೂಜಿ ಶೇ. 13.9, ಎರಡೂ ತೋರಿಕೆಯವು ಶೇ. 16.8. ಎರಡು ಚರಗಳನ್ನು ಒಂದೇ ಪ್ರಯೋಗದಲ್ಲಿ ಬೇರ್ಪಡಿಸಿ ಅಳೆಯುವ ಇಂಥ ವಿನ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹೆಚ್ಚು ದುಬಾರಿಯಲ್ಲದ ಹಳೆಯ ಮಾತ್ರೆ ಫಲವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿತು. ಸೂಜಿ ಏನನ್ನೂ ಸೇರಿಸಲಿಲ್ಲ.

ಹಾಗೆಂದು ಸೂಜಿ ಪೂರ್ಣ ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. ದೀರ್ಘಕಾಲದ ಬೆನ್ನುನೋವು, ತಲೆನೋವುಗಳಲ್ಲಿ ಸುಳ್ಳು ಸೂಜಿಗಿಂತ ಸ್ವಲ್ಪ ಹೆಚ್ಚಿನ ಉಪಶಮನ ಕಂಡಿದೆ. ಸಂತಾನ ಚಿಕಿತ್ಸೆಯ ಆತಂಕ ತಗ್ಗುವುದೆಂದು ಹೇಳುವ ಅಧ್ಯಯನಗಳಿವೆ. ಪ್ರತಿಸಲವೂ ಹೊಸ, ಕ್ರಿಮಿರಹಿತ ಸೂಜಿ ಬಳಸಿದರೆ ಅಪಾಯವೂ ಕಡಿಮೆ. ಅಪಾಯವಿರುವುದು ಸೂಜಿಯಲ್ಲಲ್ಲ, ಕ್ಯಾಲೆಂಡರಿನಲ್ಲಿ. ಈಕೆಗೆ ಕೊಟ್ಟಿದ್ದ ಸಲಹೆ, "ಒಂದು ವರ್ಷ ಸೂಜಿ ಮುಗಿಯಲಿ, ಅಲ್ಲಿಯವರೆಗೆ ಬೇರೆ ಪರೀಕ್ಷೆ ಬೇಡ" ಎಂದು. 35 ದಾಟಿದ ಮೇಲೆ ಹೆಣ್ಣಿನ ಗರ್ಭಧಾರಣೆಯ ಸಾಮರ್ಥ್ಯ ಬೇಗ ಇಳಿಯುತ್ತದೆ. ಅಂಡನಾಳ ಮುಚ್ಚಿದ್ದರೆ (ನಮ್ಮ ದೇಶದಲ್ಲಿ ಕ್ಷಯವೂ ಅದಕ್ಕೊಂದು ಕಾರಣ) ಯಾವ ಸೂಜಿಯೂ ಅದನ್ನು ತೆರೆಯದು.

"ಯಜಮಾನರ ಪರೀಕ್ಷೆ ಆಗಿದೆಯೇನಮ್ಮಾ?" ಎಂದು ಕೇಳಿದೆ. ತಲೆ ತಗ್ಗಿಸಿದಳು. ಐದು ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆ ಸರಳವಾದದ್ದು, ನೋವಿಲ್ಲದ್ದು. ಆದರೂ ಚುಚ್ಚಿಸಿಕೊಳ್ಳಲು ಹೋಗುವವಳು ಮಾತ್ರ ಹೆಣ್ಣು.

ಇಲ್ಲಿ ಭೌತವಿಜ್ಞಾನ ಮತ್ತೆ ಬರುತ್ತದೆ. ವೀರ್ಯಾಣುಗಳು ಸರಿಯಾಗಿ ಬೆಳೆಯಲು ವೃಷಣಗಳ ಉಷ್ಣತೆ ದೇಹದ ಉಷ್ಣತೆಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಇರಬೇಕು. ಇದಕ್ಕಾಗಿ ದೇಹದಲ್ಲೊಂದು ಉಷ್ಣ ವಿನಿಮಯ ಯಂತ್ರವಿದೆ. ವೃಷಣಕ್ಕೆ ಇಳಿಯುವ ಅಪಧಮನಿಯ ಸುತ್ತ ಮೇಲೇರುವ ಅಭಿಧಮನಿಗಳು ಬಳ್ಳಿಯಂತೆ ಹೆಣೆದಿವೆ. ಇಳಿಯುವ ಬಿಸಿ ರಕ್ತ ತನ್ನ ಶಾಖವನ್ನು ಏರುವ ತಂಪು ರಕ್ತಕ್ಕೆ ಕೊಟ್ಟು ತಣ್ಣಗಾಗಿ ಒಳಗೆ ಹೋಗುತ್ತದೆ. ಆ ಅಭಿಧಮನಿಗಳು ಊದಿಕೊಂಡು ರಕ್ತ ನಿಂತರೆ ವಿನಿಮಯ ಕೆಡುತ್ತದೆ. ಹೊರಗಿನ ಶಾಖವೂ ತೊಂದರೆ ಕೊಡಬಲ್ಲದು. ಈಕೆಯ ಗಂಡ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಬೇಯಿಸುವ ಬಾಯ್ಲರ್ ಪಕ್ಕ ಕೆಲಸ ಮಾಡುವವರು. ಬಳ್ಳಾರಿ ಸೀಮೆಯ ಏಪ್ರಿಲ್-ಮೇ ತಿಂಗಳ 40 ಡಿಗ್ರಿಯ ಮೇಲೆ ಆ ಬಾಯ್ಲರಿನ ಶಾಖ ಬೇರೆ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ಇಂದು ತಂಪಾದರೆ ಅದರ ಫಲ ಕಾಣಲು ಅಷ್ಟು ಕಾಲ ಕಾಯಬೇಕು.

ದೀಪಾವಳಿಯ ಹೊತ್ತಿಗೆ ಆಕೆಯ ಫೋನ್ ಬಂತು. ಗಂಡನಿಗೆ ಬಳ್ಳಾರಿಯಲ್ಲಿ ಪರೀಕ್ಷೆಯಾಗಿತ್ತು. ವೀರ್ಯಾಣುಗಳ ಸಂಖ್ಯೆ ಕಡಿಮೆ, ಅಭಿಧಮನಿಗಳು ಊದಿಕೊಂಡಿದ್ದವು. ಚಿಕಿತ್ಸೆ ಶುರುವಾಗಿತ್ತು, ಗಿರಣಿಯಲ್ಲಿ ಅವರನ್ನು ಗೋದಾಮಿನ ಲೆಕ್ಕಕ್ಕೆ ಹಾಕಿದ್ದರು. ಮುಂದೇನಾಗುವುದೋ ಕಾಲವೇ ಹೇಳಬೇಕು.

"ಸೂಜಿ ಬಿಟ್ಟೆಯೇನಮ್ಮಾ?" ಎಂದೆ.

"ತಿಂಗಳಿಗೊಂದು ಸಲ ಹೋಗ್ತೀನಿ ಸರ್, ಬೆನ್ನು ನೋವಿಗೆ. ಅಲ್ಲಿ ಅರ್ಧ ಗಂಟೆ ಯಾರೂ ಏನೂ ಕೇಳಲ್ಲ" ಎಂದಳು.